ಸಾಧನದ ವಿವರಣೆಯೂ ಭಾಷೆಯ ಕೆಲಸವೇ

ಜತ್ತ ತಾಲ್ಲೂಕಿನ ಕನ್ನಡಿಗ ರೈತನೊಬ್ಬನು ತನ್ನ ಜಮೀನಿನ ‘ಉತಾರ’ವನ್ನು ಎಐ ಏಜೆಂಟಿನಲ್ಲಿ ಕನ್ನಡದಲ್ಲಿಯೇ ಕೇಳಿದನೆಂದು ಭಾವಿಸೋಣ. ಏಜೆಂಟಿಗೆ ಒದಗಿಸಿದ ಎರಡು ಸಾಧನಗಳಿಗೂ ‘ಭೂದಾಖಲೆ ತರುತ್ತದೆ’ ಎಂಬಷ್ಟೇ ವಿವರಣೆಯಿದ್ದರೆ, ಕನ್ನಡದ ಪ್ರಶ್ನೆಯನ್ನು ಕಂಡು ಅದು ಕರ್ನಾಟಕದ ‘ಭೂಮಿ’ಯಲ್ಲಿ ಪಹಣಿಯನ್ನು ಹುಡುಕಬಹುದು. ಆತನಿಗೆ ಬೇಕಾದ ಸಾತ್‌ಬಾರಾ ಇರುವುದು ಮಹಾರಾಷ್ಟ್ರದ ‘ಮಹಾಭೂಲೇಖ’ದಲ್ಲಿ.

ಏಜೆಂಟು ಸಾಧನದ ಒಳಗನ್ನು ಕಾಣದು; ವಿವರಣೆಯನ್ನು ಓದಿಯೇ ಆಯ್ಕೆ ಮಾಡುತ್ತದೆ. ಆದುದರಿಂದ ಯಾವ ರಾಜ್ಯದ ಯಾವ ದಾಖಲೆ, ಸರ್ವೆ ನಂಬರು ಬೇಕೋ ಗಟ್ ನಂಬರೋ, ಯಾವಾಗ ಬಳಸಬಾರದು ಎಂಬುದನ್ನೆಲ್ಲ ಅಲ್ಲಿ ಸ್ಪಷ್ಟವಾಗಿ ಹೇಳಬೇಕು.

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರದೊಡನೆ ವೃತ್ತಿಯನ್ನೂ ಪ್ರಯೋಗವನ್ನೂ ಕೊಟ್ಟಿದ್ದಾನೆ. ಹೆಸರು, ವಿವರಣೆ, ಉದಾಹರಣೆ ಎಂಬ ಈ ಕ್ರಮ ಕನ್ನಡ ವಿದ್ಯಾರ್ಥಿಗೆ ಹೊಸತಲ್ಲ. ಗಡಿಯ ಎರಡೂ ಬದಿಯ ಪದಗಳನ್ನು ಬಲ್ಲ ಅವರು ಈ ಬರವಣಿಗೆಯನ್ನು ತಂತ್ರಜ್ಞರಿಗಷ್ಟೇ ಬಿಟ್ಟುಕೊಡಬಾರದು.