ಬಸ್ಸು ಬರುವ ಹೊತ್ತು

ಮುಂಬಯಿಯಿಂದ ರಾಯಚೂರಿನವರೆಗಿನ ರೈಲುಮಾರ್ಗವು 1871ರಲ್ಲಿ ಪೂರ್ಣಗೊಂಡು ಯಾದಗಿರಿಗೆ ರೈಲು ದೊರೆಯಿತು. ಶಹಾಪುರ, ಸುರಪುರ ಪಟ್ಟಣಗಳಿಗೆ ಆ ಭಾಗ್ಯ ಇಂದಿಗೂ ಒದಗಿಲ್ಲ. ಅಲ್ಲಿಯ ಬಡವರು ಭೀಮೆಯನ್ನು ದಾಟಿ ರೈಲು ಹಿಡಿಯಬೇಕಾದರೂ, 2009ರಲ್ಲಿ ಜಿಲ್ಲಾ ಕೇಂದ್ರವಾದ ಯಾದಗಿರಿಯ ಕಚೇರಿಗಳಿಗೆ ಬರಬೇಕಾದರೂ ಬಸ್ಸೇ ಗತಿ. ಬಡತನವೇ ಈ ತೊಂದರೆಗೆ ಮೂಲವೆಂದು ನಾವು ತಿಳಿಯುವುದುಂಟು. ಆದರೆ ಸಿರಿವಂತ ಅಮೆರಿಕದ ಅನೇಕ ನಗರಗಳಲ್ಲಿಯೂ ಬಸ್ಸನ್ನು ನೆಚ್ಚಿದವರ ಪಾಡು ಇದೇ ಆಗಿದೆ.

ಲಾಸ್ ಏಂಜಲೀಸ್ ಪ್ರದೇಶದಲ್ಲಿ ಒಂದು ಕಾಲಕ್ಕೆ ಸಾವಿರ ಮೈಲಿಗೂ ಮಿಗಿಲಾದ ವಿದ್ಯುತ್ ರೈಲುಮಾರ್ಗವಿದ್ದಿತು. 1963ರಲ್ಲಿ ಅದರ ಕೊನೆಯ ಹಳೆಯ ಮಾರ್ಗವೂ ಮುಚ್ಚಿತು. ಕಾರುಗಳು ಹೆಚ್ಚಿದವು, ಮನೆಗಳು ಒಂದರಿಂದೊಂದು ದೂರ ಸರಿದವು, ಅಂಗಡಿ, ಕಚೇರಿಗಳು ಮನೆಗಳಿಂದ ಬೇರಾದವು. ಹರಡಿದ ಊರಿನಲ್ಲಿ ಒಂದು ನಿಲ್ದಾಣಕ್ಕೆ ನಡೆದು ಬರುವವರು ಕೆಲವರೇ. ಜನ ಕಡಿಮೆಯೆಂದು ಬಸ್ಸು ಕಡಿಮೆಯಾಯಿತು. ಬಸ್ಸು ಕಡಿಮೆಯೆಂದು ಜನ ಮತ್ತಷ್ಟು ಕಡಿಮೆಯಾದರು.

ಈ ವಿಷಚಕ್ರ ನಮ್ಮಲ್ಲಿಯೂ ತಿರುಗಬಲ್ಲುದು. ಬಸ್ಸಿನ ಹೊತ್ತು ತಪ್ಪಿದರೆ ಪ್ರಯಾಣಿಕನು ಟಂಟಂ ಹತ್ತುವನು; ಅನುಕೂಲವುಳ್ಳವನು ಮೋಟಾರ್ ಸೈಕಲ್ ಕೊಳ್ಳುವನು. ಕೊನೆಗೆ ನಿಲ್ದಾಣದಲ್ಲಿ ಉಳಿಯುವವರು ವೃದ್ಧರು, ರೋಗಿಗಳು ಹಾಗೂ ವಿದ್ಯಾರ್ಥಿನಿಯರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಯಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಸಂಜೆ ಮಗಳು ಮನೆ ಸೇರುವ ಭರವಸೆಯಿಲ್ಲದಿದ್ದರೆ ಹೆತ್ತವರು ಅವಳನ್ನು ಕಾಲೇಜಿಗೆ ಕಳುಹಿಸಲು ಹಿಂಜರಿಯುವರು. ಬಾರದ ಬಸ್ಸಿನ ಉಚಿತ ಚೀಟಿಯಿಂದ ಅವಳ ಓದು ಮುಂದುವರಿಯದು.

ಆದರೂ ಅಮೆರಿಕಕ್ಕಿಲ್ಲದ ಒಂದು ಅನುಕೂಲ ನಮಗುಂಟು. ನಮ್ಮ ಹಳ್ಳಿಗಳು ಹರಡಿಲ್ಲ, ಒತ್ತೊತ್ತಾಗಿ ನೆಲೆಸಿವೆ. ಇಡೀ ಊರು ಒಂದೇ ನಿಲ್ದಾಣಕ್ಕೆ ನಡೆದು ಬರಬಲ್ಲುದು. ಅವರು ಊರನ್ನೇ ಮರಳಿ ಕಟ್ಟಬೇಕು. ನಾವು ಹೊತ್ತನ್ನು ಸರಿಪಡಿಸಿಕೊಂಡರೆ ಬಹುಪಾಲು ಸಾಕು.

ಆದುದರಿಂದ ಗ್ರಾಮಸ್ಥರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಮನವಿ ಬರೆಯುವಾಗ ‘ನಮ್ಮೂರಿಗೆ ಬಸ್ಸು ಬಿಡಿ’ ಎಂದಷ್ಟೇ ಬರೆಯದಿರಲಿ. ಕಾಲೇಜು ಬಿಡುವ ಹೊತ್ತು, ಯಾದಗಿರಿಗೆ ರೈಲು ಬರುವ ಹೊತ್ತು, ಸಂತೆ ಮುಗಿಯುವ ಹೊತ್ತು, ಪ್ರಯಾಣಿಕರ ಸಂಖ್ಯೆ ಇವೆಲ್ಲವನ್ನೂ ಕಾಣಿಸಲಿ. ಬಸ್ಸು ಬಂದ ಮೇಲೆ ಅನುಕೂಲಸ್ಥರೂ ಅದನ್ನೇ ಹತ್ತಲಿ. ಉಳ್ಳವರು ಬಿಟ್ಟ ಬಸ್ಸು ಇಲ್ಲದವರಿಗೂ ಬಹುಕಾಲ ಉಳಿಯದು.