ಲೆಕ್ಕ ಕೇಳುವವರು ಲೆಕ್ಕ ಕೊಡಲಿ

2021ರ ಮೇ 2, ಭಾನುವಾರ. ಅಂದು ದೆಹಲಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಒಂದು ಕಾರ್ಯವಿಧಾನವನ್ನು ಹೊರಡಿಸಿತು. ಕೋವಿಡ್ ಎರಡನೇ ಅಲೆಯಲ್ಲಿ ವಿದೇಶಗಳಿಂದ ಬರುತ್ತಿದ್ದ ನೆರವಿನ ಸಾಮಗ್ರಿಯನ್ನು ಯಾರು ಸ್ವೀಕರಿಸಬೇಕು, ಯಾರು ಹಂಚಬೇಕು ಎಂಬುದನ್ನು ಅದು ಹೇಳುತ್ತಿತ್ತು. ಅದೇ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಮರುದಿನ ಬೆಳಗಾಗುವಷ್ಟರಲ್ಲಿ 24 ಮಂದಿಯ ಸಾವಿನ ಸುದ್ದಿ ನಾಡಿಗೆಲ್ಲ ಹರಡಿತ್ತು.

ಈ ಎರಡು ಘಟನೆಗಳಿಗೆ ನೇರ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ವಿದೇಶದ ಸಿಲಿಂಡರು ಒಂದು ವಾರ ಮೊದಲೇ ಬಂದಿದ್ದರೆ ಆ ಜೀವಗಳು ಉಳಿಯುತ್ತಿದ್ದವು ಎಂದು ಪ್ರಮಾಣ ಮಾಡುವ ಅಧಿಕಾರ ನಮಗಿಲ್ಲ. ಆದರೆ ಎರಡೂ ಕಡೆ ಒಂದೇ ಪ್ರಶ್ನೆಗೆ ಉತ್ತರವಿರಲಿಲ್ಲ. ಸಾಮಗ್ರಿ ಎಲ್ಲಿದೆ, ಎಷ್ಟಿದೆ, ಯಾರ ಕೈಯಲ್ಲಿದೆ? ಈ ಸರಳ ಪ್ರಶ್ನೆಗೆ ಉತ್ತರ ಕೊಡಲಾಗದ ಆಡಳಿತವೇ ನಮ್ಮ ಇಂದಿನ ಚರ್ಚೆಯ ವಿಷಯ.

ಮೊದಲು ಚಾಮರಾಜನಗರದ ಮಾತನ್ನೇ ಎತ್ತಿಕೊಳ್ಳೋಣ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದರೂ ಆಮ್ಲಜನಕದ ಸಿಲಿಂಡರಿಗಾಗಿ ಈ ಜಿಲ್ಲೆ ಮೈಸೂರಿನತ್ತಲೇ ಮುಖಮಾಡಿ ನಿಲ್ಲಬೇಕಾಗಿತ್ತು. ಮೈಸೂರು ತಡೆಯಿತೆಂದು ಚಾಮರಾಜನಗರದವರು, ತಡೆಯಲಿಲ್ಲವೆಂದು ಮೈಸೂರಿನವರು ದೂರಿಕೊಂಡರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂಬ ಸರಕಾರಿ ವಿವರಣೆಯೂ ಬಂತು. ಕೊನೆಗೆ ಹೈಕೋರ್ಟು ಮಧ್ಯಪ್ರವೇಶಿಸಬೇಕಾಯಿತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿಯು ದಾಖಲೆಗಳನ್ನು ಪರಿಶೀಲಿಸಿ, ಆ ರಾತ್ರಿ ಕೆಲವು ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ಆಮ್ಲಜನಕವೇ ಇರಲಿಲ್ಲವೆಂದು ವರದಿ ಕೊಟ್ಟಿತು. ರಾಜ್ಯ ಸರಕಾರವು ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ಏಕಸದಸ್ಯ ಆಯೋಗವನ್ನೂ ನೇಮಿಸಿತು.

ವಿಪರ್ಯಾಸವೆಂದರೆ, ಅದೇ ವರ್ಷ ಜುಲೈ 20ರಂದು ಕೇಂದ್ರ ಸರಕಾರ ರಾಜ್ಯಸಭೆಯಲ್ಲಿ, ಆಮ್ಲಜನಕದ ಕೊರತೆಯಿಂದಲೇ ಸಾವು ಸಂಭವಿಸಿತೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂದು ಉತ್ತರಿಸಿತು. ಲೆಕ್ಕ ಬರೆಯಬೇಕಾದವರು ಬರೆಯಲಿಲ್ಲ, ಕೇಳಬೇಕಾದವರು ಕೇಳಲಿಲ್ಲ. ಸತ್ತವರು ಲೆಕ್ಕದಿಂದಲೇ ಹೊರಗುಳಿದರು. 2022ರ ಸೆಪ್ಟೆಂಬರ್ 30ರಂದು ಭಾರತ್ ಜೋಡೋ ಯಾತ್ರೆ ಗುಂಡ್ಲುಪೇಟೆಯ ಮೂಲಕ ಕರ್ನಾಟಕವನ್ನು ಪ್ರವೇಶಿಸಿದಾಗ ಈ ಕುಟುಂಬಗಳು ರಾಹುಲ್ ಗಾಂಧಿಯವರ ಮುಂದೆ ಕುಳಿತು ತಮ್ಮ ದುಃಖವನ್ನು ತೋಡಿಕೊಂಡವು. ಸತ್ತವರು 24 ಅಲ್ಲ, 36 ಎಂದು ಕಾಂಗ್ರೆಸ್ ನಾಯಕರು ಹೇಳುತ್ತ ಬಂದಿದ್ದರು. ಸಾವಿನ ಸಂಖ್ಯೆಯೂ ಪಕ್ಷಗಳ ವಾದವಿವಾದದ ವಸ್ತುವಾಗಬೇಕೇ?

ಇನ್ನು ವಿದೇಶಿ ನೆರವಿನ ವಿಷಯ. 2004ರ ಸುನಾಮಿಯ ಬಳಿಕ ಭಾರತವು ವಿದೇಶಿ ಸರಕಾರಗಳ ಪರಿಹಾರ ನೆರವನ್ನು ಸ್ವೀಕರಿಸದಿರುವ ನಿಲುವನ್ನು ತಳೆದಿತ್ತು. 2018ರ ಪ್ರಳಯದಲ್ಲಿ ಕೇರಳ ಮುಳುಗಿದಾಗ ಯುಎಇಯ ನೆರವಿನ ಕುರಿತು ಎದ್ದ ವಿವಾದ ನಮ್ಮ ಓದುಗರಿಗೆ ನೆನಪಿರಬಹುದು. 2021ರಲ್ಲಿ ಈ ನಿಲುವು ಸಡಿಲಗೊಂಡಿತು. ಏಪ್ರಿಲ್ 27ರಂದು ಬ್ರಿಟನ್ನಿನ ಮೊದಲ ಸಾಮಗ್ರಿ ದೆಹಲಿಯಲ್ಲಿ ಇಳಿಯಿತು. ಮೇ 5ರಂದು ಬಹರೈನಿನಿಂದ ದ್ರವ ಆಮ್ಲಜನಕ ಹೊತ್ತ ನೌಕಾಪಡೆಯ ತಲ್ವಾರ್ ನೌಕೆ ನಮ್ಮದೇ ನವಮಂಗಳೂರು ಬಂದರಿಗೆ ಬಂತು. ಕುವೈತ್, ಕತರ್, ಸೌದಿ ಅರೇಬಿಯಗಳೂ ಕೈಚಾಚಿದವು. ಮೇ ತಿಂಗಳ ಮಧ್ಯದ ವೇಳೆಗೆ ಹತ್ತು ಸಾವಿರಕ್ಕೂ ಹೆಚ್ಚು ಆಮ್ಲಜನಕ ಸಾಂದ್ರಕಗಳು ಮತ್ತು ಅಷ್ಟೇ ದೊಡ್ಡ ಸಂಖ್ಯೆಯ ಸಿಲಿಂಡರುಗಳು ಬಂದಿವೆಯೆಂದು ಸರಕಾರದ ಪ್ರಕಟಣೆಗಳು ತಿಳಿಸಿದವು. ಭಾರತೀಯ ರೆಡ್‌ಕ್ರಾಸ್ ಸಂಸ್ಥೆ ಸ್ವೀಕರಿಸುವುದು, ಸರಕಾರಿ ಸ್ವಾಮ್ಯದ ಎಚ್‌ಎಲ್‌ಎಲ್ ಲೈಫ್‌ಕೇರ್ ವಿತರಿಸುವುದು ಎಂದು ವ್ಯವಸ್ಥೆಯಾಯಿತು.

ಮೊದಲ ವಿಮಾನ ಇಳಿದದ್ದು ಏಪ್ರಿಲ್ 27ಕ್ಕೆ, ಹಂಚಿಕೆಯ ಕಾರ್ಯವಿಧಾನ ಬಂದದ್ದು ಮೇ 2ಕ್ಕೆ. ರೋಗಿಗಳು ಉಸಿರಿಗಾಗಿ ಒದ್ದಾಡುತ್ತಿದ್ದಾಗ ನೆರವು ಎಲ್ಲಿಗೆ ಹೋಗುತ್ತಿದೆಯೆಂಬ ಪ್ರಶ್ನೆಯನ್ನು ಪತ್ರಿಕೆಗಳು ಎತ್ತಿದವು, ವಿದೇಶಿ ಪತ್ರಕರ್ತರೂ ಎತ್ತಿದರು. ವಿಳಂಬವಾಗಿಲ್ಲವೆಂದು ಸರಕಾರ ಸಮಜಾಯಿಷಿ ನೀಡಿತು. ಸರಕಾರದ ಮಾತನ್ನೇ ನಂಬೋಣ. ಆದರೂ ಪತ್ರಿಕಾ ಪ್ರಕಟಣೆಯೆಂಬುದು ಲೆಕ್ಕಪತ್ರವಲ್ಲ. ಒಟ್ಟು ಎಷ್ಟು ಬಂತೆಂದು ಹೇಳಿದರೆ ಸಾಲದು. ಯಾವ ತಾಲೂಕು ಆಸ್ಪತ್ರೆಗೆ ಎಷ್ಟು ಹೋಯಿತು, ಅದರಲ್ಲಿ ಎಷ್ಟು ಯಂತ್ರ ಕೆಲಸ ಮಾಡುತ್ತಿದೆ, ಎಷ್ಟು ಮೂಲೆಗೆ ಬಿದ್ದಿದೆ ಎಂಬುದು ಅಲ್ಲಿನ ರೋಗಿಗೆ ತಿಳಿಯಬೇಕು. ಗುಂಡ್ಲುಪೇಟೆಯ ರೈತನೊಬ್ಬನಿಗೆ ಬೇಕಾಗಿರುವುದು ದೆಹಲಿಯ ಒಟ್ಟು ಮೊತ್ತವಲ್ಲ, ತನ್ನೂರಿನ ಪಟ್ಟಿ.

ಈಗ ನಾಣ್ಯದ ಇನ್ನೊಂದು ಮುಖವನ್ನು ನೋಡಿ. ಇದೇ ಸರಕಾರವು ಸಣ್ಣ ಸೇವಾಸಂಸ್ಥೆಗಳಿಂದ ಎಷ್ಟು ಕಟ್ಟುನಿಟ್ಟಿನ ಲೆಕ್ಕ ಕೇಳುತ್ತದೆಂಬುದನ್ನು ಗಮನಿಸಬೇಕು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಮೊದಲು ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ. 2010ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯ್ದೆ ಬಂತು. 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಅದರಂತೆ ವಿದೇಶಿ ವಂತಿಗೆಯು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಯೊಂದು ತಾನು ಪಡೆದ ವಂತಿಗೆಯನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ವಾರ್ಷಿಕ ವಿವರ ಸಲ್ಲಿಸಬೇಕು, ತಪ್ಪಿದರೆ ದಂಡ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ನಿಗಾ ಬೇಡವೆನ್ನುವವರ ಸಾಲಿನಲ್ಲಿ ನಾವಿಲ್ಲ. ಸೇವೆಯ ಹೆಸರಿನಲ್ಲಿ ಹಣ ತಂದು ಸ್ವಂತ ಬಂಗಲೆ ಕಟ್ಟಿಸಿಕೊಂಡವರನ್ನು ಎಲ್ಲ ಸಮುದಾಯಗಳೂ ಕಂಡಿವೆ. ದಾನಿಯು ಬಡವನಿಗೆಂದು ಕೊಟ್ಟದ್ದು ಬಡವನಿಗೇ ತಲುಪಬೇಕು. ಅದನ್ನು ಖಾತ್ರಿಪಡಿಸುವುದು ಸರಕಾರದ ಕರ್ತವ್ಯ. ಆದರೆ ತಿದ್ದುಪಡಿಯಾಗಿ ಏಳು ತಿಂಗಳಲ್ಲೇ ಎರಡನೇ ಅಲೆ ಬಂತು. ನಗರದ ದೊಡ್ಡ ಸಂಸ್ಥೆಗೆ ಹಣವಿತ್ತು, ಹಳ್ಳಿಯ ಸಣ್ಣ ಸಂಸ್ಥೆಗೆ ಜನರ ಪರಿಚಯವಿತ್ತು. ಇವೆರಡನ್ನೂ ಜೋಡಿಸುವ ಸೇತುವೆಯನ್ನು ಕಾನೂನು ಕಡಿದುಹಾಕಿತ್ತು. ಹಣ ಪೋಲಾಗಬಾರದೆಂದು ಕಟ್ಟಿದ ಒಡ್ಡು ಬಾಯಾರಿದವನಿಗೂ ನೀರು ಬಿಡದಂತಾದರೆ ಅದನ್ನು ನಿಗಾ ಎನ್ನಲಾಗದು.

ನಿಗಾದ ಹೆಸರಿನಲ್ಲಿ ನಡೆದ ಬೇರೆ ಸಂಗತಿಗಳೂ ಇವೆ. 2021ರ ಡಿಸೆಂಬರಿನಲ್ಲಿ ಮದರ್ ತೆರೇಸಾರ ಮಿಷನರೀಸ್ ಆಫ್ ಚಾರಿಟಿಗೆ ಅನುಮತಿಯ ನವೀಕರಣವನ್ನು ನಿರಾಕರಿಸಲಾಯಿತು. ದೇಶವಿದೇಶಗಳಲ್ಲಿ ಟೀಕೆ ಎದ್ದ ಮೇಲೆ ಜನವರಿಯ ಮೊದಲ ವಾರದಲ್ಲಿ ಅದನ್ನು ಮರಳಿಸಲಾಯಿತು. ಎರಡು ವಾರದೊಳಗೆ ಬದಲಾದದ್ದು ಸಂಸ್ಥೆಯ ಲೆಕ್ಕವೋ, ಸರಕಾರದ ಮನಸ್ಸೋ? 2022ರ ಜನವರಿ 1ಕ್ಕೆ ಸುಮಾರು 6 ಸಾವಿರ ಸಂಸ್ಥೆಗಳ ನೋಂದಣಿ ಅಸ್ತಿತ್ವ ಕಳೆದುಕೊಂಡಿತು. ಅದೇ ವರ್ಷ ಜುಲೈಯಲ್ಲಿ ಗೃಹ ಸಚಿವಾಲಯವು ಸಂಸ್ಥೆಗಳ ವಾರ್ಷಿಕ ವಿವರಗಳನ್ನೂ, ನೋಂದಣಿ ರದ್ದಾದವುಗಳ ಪಟ್ಟಿಯನ್ನೂ ತನ್ನ ಜಾಲತಾಣದಿಂದ ತೆಗೆದುಹಾಕಿತು. ಅಲ್ಲಿಯವರೆಗೆ ಸಾಮಾನ್ಯ ನಾಗರಿಕನೂ ತನ್ನ ಜಿಲ್ಲೆಗೆ ಎಷ್ಟು ಹಣ ಬಂತು, ಯಾವ ಕೆಲಸಕ್ಕೆ ಬಂತು ಎಂದು ನೋಡಬಹುದಾಗಿತ್ತು. ಈಗ ಸಂಸ್ಥೆಯು ಸರಕಾರಕ್ಕೆ ಲೆಕ್ಕ ಕೊಡುತ್ತದೆ, ಸರಕಾರ ಅದನ್ನು ತನ್ನ ಕಪಾಟಿನಲ್ಲಿಟ್ಟುಕೊಳ್ಳುತ್ತದೆ. ಜನರ ಕಣ್ಣಿಗೆ ಕಾಣದ ಲೆಕ್ಕವು ಅಧಿಕಾರಿಯ ಕೈಯ ಬೆತ್ತವಾದೀತೇ ಹೊರತು ಜನರ ಕೈಯ ದೀಪವಾಗದು.

ಹಾಗಾದರೆ ಸರಕಾರದ ಅಂಗಳದಲ್ಲೇ ಇರುವ ನಿಧಿಯ ಸ್ಥಿತಿಯೇನು? 2020ರ ಮಾರ್ಚಿನಲ್ಲಿ ಪಿಎಂ ಕೇರ್ಸ್ ನಿಧಿ ಸ್ಥಾಪನೆಯಾಯಿತು. ಪ್ರಧಾನಿಯವರು ಅದರ ಅಧ್ಯಕ್ಷರು, ರಕ್ಷಣಾ, ಗೃಹ ಮತ್ತು ಹಣಕಾಸು ಸಚಿವರು ವಿಶ್ವಸ್ತರು. ವಿದೇಶಿ ವಂತಿಗೆ ಕಾಯ್ದೆಯಿಂದ ಅದಕ್ಕೆ ವಿನಾಯಿತಿ ದೊರೆಯಿತು. 2020-21ರಲ್ಲಿ ಅದಕ್ಕೆ ಬಂದ ವಿದೇಶಿ ವಂತಿಗೆ ಸುಮಾರು 495 ಕೋಟಿ ರೂಪಾಯಿ. ಇದನ್ನು ಮಹಾಲೇಖಪಾಲರು ಪರಿಶೋಧಿಸುವುದಿಲ್ಲ, ಖಾಸಗಿ ಲೆಕ್ಕಪರಿಶೋಧಕರು ಪರಿಶೋಧಿಸುತ್ತಾರೆ. ಮಾಹಿತಿ ಹಕ್ಕಿನಡಿ ವಿವರ ಕೇಳಿದವರಿಗೆ ಇದು ಸಾರ್ವಜನಿಕ ಪ್ರಾಧಿಕಾರವಲ್ಲ ಎಂಬ ಉತ್ತರ ದೊರೆಯಿತು. ದೆಹಲಿ ಹೈಕೋರ್ಟಿನ ಮುಂದೆಯೂ ಇದು ಭಾರತ ಸರಕಾರದ ನಿಧಿಯಲ್ಲವೆಂದೇ ವಾದಿಸಲಾಯಿತು. ಹಣ ಸಂಗ್ರಹಿಸುವಾಗ ಪ್ರಧಾನಿಯ ಹೆಸರು, ಲೆಕ್ಕ ಕೇಳಿದಾಗ ಖಾಸಗಿ ದತ್ತಿ! ಹತ್ತು ಲಕ್ಷ ಪಡೆಯುವ ಅನಾಥಾಲಯಕ್ಕೊಂದು ನ್ಯಾಯ, ನೂರಾರು ಕೋಟಿ ಪಡೆಯುವ ನಿಧಿಗೊಂದು ನ್ಯಾಯ ಎಂಬುದು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲ.

ಈ ರೋಗ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. 2025ರ ಜನವರಿಯಲ್ಲಿ ಅಮೆರಿಕದ ಟ್ರಂಪ್ ಸರಕಾರವು ಪೋಲು ತಡೆಯುವ ಹೆಸರಿನಲ್ಲಿ ವಿದೇಶಿ ನೆರವನ್ನೇ ಸ್ಥಗಿತಗೊಳಿಸಿತು. ಯುಎಸ್‌ಎಯ್ಡ್ ಸಂಸ್ಥೆಯ ವೆಚ್ಚದ ಮೇಲೆ ಕಣ್ಣಿಡಬೇಕಾದ ಪರಿವೀಕ್ಷಣಾಧಿಕಾರಿಯು, ಈ ಸ್ಥಗಿತದಿಂದ ನಿಗಾ ವ್ಯವಸ್ಥೆಯೇ ಕುಸಿಯುತ್ತಿದೆ, ಆಹಾರ ಸಾಮಗ್ರಿ ಕೆಡುವ ಅಪಾಯವಿದೆ ಎಂದು ಫೆಬ್ರವರಿಯಲ್ಲಿ ವರದಿ ಕೊಟ್ಟರು. ಮರುದಿನವೇ ಅವರನ್ನು ಹುದ್ದೆಯಿಂದ ಕಿತ್ತುಹಾಕಲಾಯಿತು. ಪೋಲಾಗುತ್ತಿದೆಯೆಂದು ಕೂಗಿದವರೇ ಪೋಲನ್ನು ತೋರಿಸಿದವನನ್ನು ಹೊರಗಟ್ಟಿದರು. ಕಾವಲುಗಾರನನ್ನು ಓಡಿಸಿ ಕಣಜಕ್ಕೆ ಬೀಗ ಹಾಕುವುದನ್ನು ಹೊಣೆಗಾರಿಕೆಯೆಂದು ಯಾರೂ ಕರೆಯಲಾರರು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಬೆರಳು ನಮ್ಮತ್ತಲೂ ತಿರುಗಬೇಕು. ಸರಕಾರದಿಂದ ಲೆಕ್ಕ ಕೇಳುವ ಸಮುದಾಯವು ತನ್ನ ಮಸೀದಿಯ, ಮದ್ರಸದ, ಯತೀಂಖಾನೆಯ ಲೆಕ್ಕವನ್ನು ಎಷ್ಟರ ಮಟ್ಟಿಗೆ ತೆರೆದಿಟ್ಟಿದೆ? ಕೊಲ್ಲಿಯಲ್ಲಿ ಬೆವರು ಸುರಿಸುವ ಯುವಕನು ಊರಿನ ಬಡವರಿಗೆಂದು ಕಳುಹಿಸಿದ ಹಣ ಒಬ್ಬರ ಕಿಸೆಯ ಡೈರಿಯಲ್ಲಿ ಮಾತ್ರ ದಾಖಲಾಗುವ ಊರುಗಳಿಲ್ಲವೇ? ಪ್ರಶ್ನಿಸಿದವನನ್ನು ಜಮಾಅತಿನ ವಿರೋಧಿಯೆಂದು ಕಾಣುವ ಪರಿಪಾಠ ನಮ್ಮಲ್ಲಿಲ್ಲವೇ? ಅಮಾನತ್ ಎಂಬ ಪದವನ್ನು ನಾವು ಬಾಲ್ಯದಿಂದಲೇ ಕಲಿಯುತ್ತೇವೆ. ಒಪ್ಪಿಸಿದ ವಸ್ತುವನ್ನು ಹಕ್ಕುದಾರನಿಗೆ ತಲುಪಿಸುವುದರ ಜೊತೆಗೆ, ತಲುಪಿಸಿದ್ದೇನೆಂದು ತೋರಿಸುವುದೂ ಅದರೊಳಗೆ ಸೇರಿದೆ.

ಇಲ್ಲಿ ಕಾನೂನಿನ ಒಂದು ಮಾತನ್ನು ತಿಳಿದುಕೊಳ್ಳುವುದೂ ಅಗತ್ಯ. ಭಾರತದ ಪೌರತ್ವವನ್ನು ಉಳಿಸಿಕೊಂಡು ಹೊರದೇಶದಲ್ಲಿ ದುಡಿಯುವವನು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದಾನವು ಈ ಕಾಯ್ದೆಯ ಅರ್ಥದಲ್ಲಿ ವಿದೇಶಿ ವಂತಿಗೆಯಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವನು, ಆತ ನಮ್ಮ ಸ್ವಂತ ಸೋದರನೇ ಆಗಿದ್ದರೂ, ಸಂಸ್ಥೆಗೆ ಕೊಟ್ಟರೆ ಅದು ವಿದೇಶಿ ವಂತಿಗೆಯೇ. ಅದಕ್ಕೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಈ ವ್ಯತ್ಯಾಸವನ್ನು ಅರಿಯದೆ, ರಸೀದಿಯಿಲ್ಲದೆ, ಕೈಯಿಂದ ಕೈಗೆ ಹಣ ದಾಟಿಸುವವರು ತಮ್ಮ ಸಂಸ್ಥೆಯನ್ನು ಮಾತ್ರವಲ್ಲ, ಇಡೀ ಸಮುದಾಯವನ್ನು ಸಂಶಯದ ಕಟಕಟೆಯಲ್ಲಿ ನಿಲ್ಲಿಸುತ್ತಾರೆ.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಸತ್ತವರಲ್ಲಿ ಚಾಮರಾಜನಗರ ಜಿಲ್ಲೆಯ ದುಡಿಯುವ ಜನರೂ ಇದ್ದರು. ಗುಂಡ್ಲುಪೇಟೆಯಿಂದ ವಯನಾಡಿಗೆ ಸಾಗುವ ಹೆದ್ದಾರಿಯು ಎರಡು ರಾಜ್ಯಗಳ ಬಡವರ ಬದುಕನ್ನು ಬೆಸೆದಿದೆ. ಸಂಕಟದ ಹೊತ್ತಿನಲ್ಲಿ ಊರವರೆಲ್ಲ ಸೇರಿ ಅಕ್ಕಿ, ಬಟ್ಟೆ, ಹೊದಿಕೆಗಳನ್ನು ಕೂಡಿಸಿ ಲಾರಿಗೆ ತುಂಬುವಾಗ ಯಾರು ಎಷ್ಟು ಕೊಟ್ಟರೆಂದು ಒಬ್ಬರು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಲಾರಿ ಮರಳಿದ ಮೇಲೆ ಎಲ್ಲಿ ಇಳಿಸಿದಿರೆಂದು ಕೇಳುತ್ತಾರೆ. ಅದನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲ. ಲಾರಿಗೆ ಅನ್ವಯಿಸುವ ಈ ಸಾಮಾನ್ಯ ನಿಯಮ ವಿಮಾನಕ್ಕೂ, ಹಡಗಿಗೂ ಅನ್ವಯಿಸಬಾರದೇಕೆ?

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ವಿಪತ್ತಿನ ಸಮಯದಲ್ಲಿ ವಿದೇಶದಿಂದ ಬಂದ ಪ್ರತಿಯೊಂದು ಸಾಮಗ್ರಿಯ ವಿವರವು ಜಿಲ್ಲೆ, ತಾಲೂಕು ಮಟ್ಟದಲ್ಲಿ ಕನ್ನಡದಲ್ಲಿ ಪ್ರಕಟವಾಗಲಿ, ಆಸ್ಪತ್ರೆಯ ಗೋಡೆಯ ಮೇಲೆ ತೂಗಲಿ. ಪ್ರಧಾನಿಯ ಹೆಸರಿನ ನಿಧಿಯು ಮಹಾಲೇಖಪಾಲರ ಪರಿಶೋಧನೆಗೂ ಮಾಹಿತಿ ಹಕ್ಕಿಗೂ ಒಳಪಡಲಿ. ಸಂಸ್ಥೆಗಳ ವಾರ್ಷಿಕ ವಿವರಗಳು ಮತ್ತೆ ಜನರಿಗೆ ಲಭ್ಯವಾಗಲಿ. ವಿಪತ್ತಿನ ಕಾಲದಲ್ಲಾದರೂ ದೊಡ್ಡ ಸಂಸ್ಥೆಯು ಹಳ್ಳಿಯ ಸಂಸ್ಥೆಗೆ ಲೆಕ್ಕಸಹಿತ ಹಣ ದಾಟಿಸಲು ಅವಕಾಶವಿರಲಿ. ಇದರ ಜೊತೆಗೆ ನಮ್ಮ ಪ್ರತಿಯೊಂದು ಜಮಾಅತ್ ವರ್ಷಕ್ಕೊಮ್ಮೆ ತನ್ನ ಆದಾಯ-ವೆಚ್ಚವನ್ನು ಮಸೀದಿಯ ಫಲಕದಲ್ಲಿ ಅಂಟಿಸಲಿ. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.

ಚಾಮರಾಜನಗರದ ಆ ರಾತ್ರಿ ವಾರ್ಡಿನಲ್ಲಿದ್ದವರಲ್ಲಿ ಯಾರು ಯಾವ ಜಾತಿ, ಯಾವ ಧರ್ಮವೆಂದು ಖಾಲಿ ಸಿಲಿಂಡರು ಕೇಳಲಿಲ್ಲ. ಅವರ ಸಾವಿಗೆ ಉತ್ತರ ಕೇಳುವ ಹೊಣೆಯೂ ಜಾತಿ, ಧರ್ಮ ನೋಡದೆ ನಮ್ಮೆಲ್ಲರ ಮೇಲಿದೆ. ಲೆಕ್ಕ ಕೇಳುವುದು ದ್ರೋಹವಲ್ಲ, ಲೆಕ್ಕ ಕೊಡುವುದು ಸೋಲೂ ಅಲ್ಲ. ಇಷ್ಟನ್ನು ಆಡಳಿತಗಾರರೂ, ನಮ್ಮ ಸಂಸ್ಥೆಗಳ ಹೊಣೆಗಾರರೂ ಮನಗಂಡರೆ ಮುಂದಿನ ವಿಪತ್ತಿನಲ್ಲಿ ಕೆಲವು ಜೀವಗಳಾದರೂ ಉಳಿದಾವು.