ನ್ಯಾಯ ಇಲಾಖೆಯ ಕಡತಕ್ಕೂ ಒಂದು ‘ಸಕಾಲ’ ಬೇಕು

ಕಾನೂನು ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಬಿ.ಆರ್. ಅಂಬೇಡ್ಕರ್, 1951ರ ಅಕ್ಟೋಬರ್‌ನಲ್ಲಿ ಅದಕ್ಕೆ ಕಾರಣ ವಿವರಿಸುತ್ತಾ ತಾವು ನಾಲ್ಕು ವರ್ಷ ನಡೆಸಿದ ಖಾತೆಯ ಬಗ್ಗೆಯೇ ಒಂದು ಚುರುಕು ಮುಟ್ಟಿಸಿದ್ದರು. ಆಡಳಿತದಲ್ಲಿ ಈ ಖಾತೆಗೆ ತೂಕವೇ ಇಲ್ಲ, ವಯಸ್ಸಾದ ವಕೀಲರು ಆಡಿಕೊಂಡಿರಲು ಕೊಡುವ ಖಾಲಿ ಸೋಪಿನ ಡಬ್ಬಿ ಎಂದೇ ಅದನ್ನು ಕರೆಯುತ್ತಿದ್ದರು ಎಂಬುದು ಅವರ ಮಾತಿನ ಸಾರ. ಹಿಂದೂ ಸಂಹಿತೆ ಮಸೂದೆ ಕೈಗೂಡದ ನೋವೂ ಅದರ ಹಿಂದಿತ್ತು. ಆದರೆ ಮಾತು ಸುಳ್ಳಾಗಿರಲಿಲ್ಲ. ಆಗ ಹೈಕೋರ್ಟ್ ನ್ಯಾಯಮೂರ್ತಿಗಳ ನೇಮಕದ ಕಡತ ಇದ್ದದ್ದು ಗೃಹ ಸಚಿವಾಲಯದಲ್ಲಿ.

ಹೆಸರಿನಲ್ಲಿ ‘ನ್ಯಾಯ’ ಇದ್ದರೂ ಕಾನೂನು ಮತ್ತು ನ್ಯಾಯ ಸಚಿವಾಲಯ ನ್ಯಾಯ ಕೊಡುವುದಿಲ್ಲ, ಅದು ಕೋರ್ಟಿನ ಕೆಲಸ. ಇದರ ಬೇರು ಇರುವುದು 1833ರ ಚಾರ್ಟರ್ ಕಾಯ್ದೆಯಲ್ಲಿ. ಗವರ್ನರ್ ಜನರಲ್ ಮಂಡಳಿಗೆ ಒಬ್ಬ ಕಾನೂನು ಸದಸ್ಯ ಬೇಕೆಂದು ಅದು ಹೇಳಿತು, ಮೆಕಾಲೆ ಆ ಕುರ್ಚಿಯಲ್ಲಿ ಕೂತ ಮೊದಲಿಗ. ಅವನ ಆಯೋಗ 1837ರಲ್ಲಿ ಮುಗಿಸಿದ ಕರಡೇ 1860ರಲ್ಲಿ ಭಾರತೀಯ ದಂಡ ಸಂಹಿತೆಯಾಗಿ 2024ರ ಜೂನ್ ಕೊನೆಯವರೆಗೆ ಬಾಳಿತು. ತಮಾಷೆಯೆಂದರೆ, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನು ಸಂಸತ್ತಿಗೆ ತಂದದ್ದು ಕಾನೂನು ಸಚಿವರಲ್ಲ, ಗೃಹ ಸಚಿವರು. ಮಸೂದೆಗಳ ಕರಡು ಬರೆಯುವುದು, ಸರ್ಕಾರಕ್ಕೆ ಕಾನೂನು ಸಲಹೆ ಕೊಡುವುದು ಇವು ಸಚಿವಾಲಯದ ಎರಡು ಇಲಾಖೆಗಳ ಕೆಲಸ. ಮೂರನೆಯದಾದ ನ್ಯಾಯ ಇಲಾಖೆ ಗೃಹ ಸಚಿವಾಲಯದ ಕೈಬಿಟ್ಟು ಇತ್ತ ಬಂದದ್ದು 2010ರ ಆರಂಭಕ್ಕೆ, ವೀರಪ್ಪ ಮೊಯಿಲಿ ಸಚಿವರಾಗಿದ್ದಾಗ. ಅದರ ಕಚೇರಿ ದೆಹಲಿಯ ಮಾನ್‌ಸಿಂಗ್ ರಸ್ತೆಯ ಜೈಸಲ್ಮೇರ್ ಹೌಸ್. ನ್ಯಾಯಮೂರ್ತಿಗಳ ನೇಮಕದ ಕಡತ ಈಗ ಅಲ್ಲಿರುವುದರಿಂದ ಸಚಿವಾಲಯದ ನಿಜವಾದ ಬಲ ಇರುವುದೂ ಅಲ್ಲೇ.

ಸಚಿವರ ಒಂದು ಕಾಗದ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ 1981 ಸಾಕ್ಷಿ. ಆ ವರ್ಷದ ಮಾರ್ಚ್‌ನಲ್ಲಿ ಕಾನೂನು ಸಚಿವ ಪಿ. ಶಿವಶಂಕರ್ ಮುಖ್ಯಮಂತ್ರಿಗಳಿಗೆ ಸುತ್ತೋಲೆ ಕಳಿಸಿ, ಹೆಚ್ಚುವರಿ ನ್ಯಾಯಮೂರ್ತಿಗಳು ಬೇರೆ ರಾಜ್ಯದ ಹೈಕೋರ್ಟಿಗೆ ಹೋಗಲು ಸಿದ್ಧರೇ ಎಂದು ಒಪ್ಪಿಗೆ ಪಡೆಯಲು ಹೇಳಿದರು. ತುರ್ತುಪರಿಸ್ಥಿತಿಯ ವರ್ಗಾವಣೆಗಳ ನೆನಪು ಇನ್ನೂ ಹಸಿಯಾಗಿತ್ತು, ವಕೀಲರು ಕೋರ್ಟಿಗೆ ಹೋದರು. ಆ ಸುತ್ತಿನಲ್ಲಿ ಗೆದ್ದದ್ದು ಸರ್ಕಾರ. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ ಹಾಕಿತು, ಹಿರಿಯ ನ್ಯಾಯಮೂರ್ತಿಗಳೇ ಹೆಸರು ಆರಿಸುವ ಕೊಲಿಜಿಯಂ ಹುಟ್ಟಿತು.

ಕೊಲಿಜಿಯಂ ಬಂದ ಮೇಲೆ ಸಚಿವಾಲಯಕ್ಕೆ ಉಳಿದದ್ದು ಅಂಚೆಯವನ ಕೆಲಸ ಎಂದುಕೊಂಡವರಿದ್ದಾರೆ. ಹಾಗೇನೂ ಆಗಲಿಲ್ಲ. ಬೇಡ ಎನ್ನುವ ಅಧಿಕಾರ ಹೋದರೂ ಸುಮ್ಮನೆ ಕೂರುವ ಅಧಿಕಾರ ಉಳಿಯಿತು. ಗುಪ್ತಚರ ದಳದ ವರದಿ ಬರಬೇಕು, ರಾಜ್ಯದ ಅಭಿಪ್ರಾಯ ಬರಬೇಕು, ಅದೆಲ್ಲ ಬಂದ ಮೇಲೂ ಕಡತ ಮಿಸುಕದಿರಬಹುದು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆಲ್ಲ ವಾರಗಳ ಲೆಕ್ಕದಲ್ಲಿ ಗಡುವು ಹಾಕಿತು. ಕೊಲಿಜಿಯಂ ಅದೇ ಹೆಸರನ್ನು ಎರಡನೇ ಸಲ ಕಳಿಸಿದರೆ ಮೂರು-ನಾಲ್ಕು ವಾರದಲ್ಲಿ ನೇಮಕ ಆಗಬೇಕು ಎಂದಿತು. ಆಗಲಿಲ್ಲ. ಕರ್ನಾಟಕ ಹೈಕೋರ್ಟಿಗೆ ಎರಡು ಸಲ ಶಿಫಾರಸಾದ ಬೆಂಗಳೂರಿನ ಹಿರಿಯ ವಕೀಲರೊಬ್ಬರು ಕಾದು ಕಾದು 2022ರ ಫೆಬ್ರುವರಿಯಲ್ಲಿ ತಮ್ಮ ಒಪ್ಪಿಗೆಯನ್ನೇ ಹಿಂದೆ ಪಡೆದರು. ಗಡುವು ಮೀರಿದ್ದು ನ್ಯಾಯಾಂಗ ನಿಂದನೆ ಎಂದು ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದೂ ಬೆಂಗಳೂರು ವಕೀಲರ ಸಂಘವೇ. ಹೆಸರುಗಳನ್ನು ಹೀಗೆ ತೂಗುಹಾಕುವುದು ಅಭ್ಯರ್ಥಿಗಳೇ ಬೇಸತ್ತು ಹಿಂದೆ ಸರಿಯಲಿ ಎಂಬ ಉಪಾಯದಂತೆ ಕಾಣುತ್ತದೆ ಎಂದು 2022ರ ನವೆಂಬರ್‌ನಲ್ಲಿ ಪೀಠ ಬೇಸರಪಟ್ಟುಕೊಂಡು ನ್ಯಾಯ ಇಲಾಖೆಯ ಕಾರ್ಯದರ್ಶಿಗೆ ನೋಟಿಸ್ ಕೊಟ್ಟಿತು.

ಹಾಗೆಂದು ಕೋರ್ಟಿನ ಕಡೆ ಎಲ್ಲವೂ ಗಾಜಿನಷ್ಟು ಸ್ವಚ್ಛ ಎನ್ನುವಂತಿಲ್ಲ. ಇದೇ ಪ್ರಕರಣ 2023ರ ಡಿಸೆಂಬರ್ 5ರಂದು ವಿಚಾರಣಾ ಪಟ್ಟಿಯಿಂದ ಮಾಯವಾಯಿತು. ತೆಗೆದವನು ತಾನಲ್ಲ ಎಂದು ಪೀಠದ ಹಿರಿಯ ನ್ಯಾಯಮೂರ್ತಿಯೇ ಹೇಳಬೇಕಾಗಿ ಬಂತು. ಕೊಲಿಜಿಯಂ ತನ್ನ ಆಯ್ಕೆಗೆ ಕೊಡುವ ಕಾರಣವೂ ಕೆಲವೊಮ್ಮೆ ನಾಲ್ಕು ಸಾಲು ದಾಟುವುದಿಲ್ಲ.

ಕರ್ನಾಟಕದ ಓದುಗರಿಗೆ ಇಲ್ಲೊಂದು ನಂಟು ಕಾಣಬೇಕು. 2012ರ ಏಪ್ರಿಲ್‌ನಲ್ಲಿ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿದ್ದಾಗ ರಾಜ್ಯದಲ್ಲಿ ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಯೋಜನೆ ಶುರುವಾಯಿತು. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರ ಕೈಗೆ 15 ಅಂಕಿಗಳ ಸಂಖ್ಯೆ ಬರುತ್ತದೆ, ಕಡತ ಯಾರ ಮೇಜಿನಲ್ಲಿದೆ ಎಂದು ನೋಡಬಹುದು, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ. ಅದೇ ಗೌಡರು 2014ರ ನವೆಂಬರ್‌ನಿಂದ 2016ರ ಜುಲೈವರೆಗೆ ಕೇಂದ್ರ ಕಾನೂನು ಸಚಿವರು. ಕೊಲಿಜಿಯಂ ಬದಲಿಗೆ ತಂದಿದ್ದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು, ನೇಮಕದ ಕಾರ್ಯವಿಧಾನ ಪತ್ರವನ್ನು ತಿದ್ದಿ ಪಾರದರ್ಶಕಗೊಳಿಸಿ ಎಂದದ್ದು, ಎರಡೂ ಅವರ ಕಾಲದಲ್ಲೇ, 2015ರಲ್ಲಿ. ಮರುವರ್ಷ ಕರಡು ಮುಖ್ಯ ನ್ಯಾಯಮೂರ್ತಿಗಳ ಬಳಿ ಹೋಗಿ ವಾಪಸ್ ಬಂತು. ಆಮೇಲಿನದು ಬರೀ ಪತ್ರವ್ಯವಹಾರ. ಸಕಾಲದ ಪಾಠ ದೆಹಲಿಗೆ ಹೋಗಲೇ ಇಲ್ಲ.

ಒಂದು ಕಡತದ ದಿನಾಂಕ ಗೊತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆಯಿದೆ. ಹೈಕೋರ್ಟ್ ಕಲಾಪದಲ್ಲಿ ಕನ್ನಡಕ್ಕೆ ಅವಕಾಶ ಬೇಕೆಂಬ ರಾಜ್ಯದ ಪ್ರಸ್ತಾವವನ್ನು ಸುಪ್ರೀಂ ಕೋರ್ಟ್ 2012ರ ಅಕ್ಟೋಬರ್‌ನಲ್ಲಿ ಒಪ್ಪಲಿಲ್ಲ ಎಂದು ಕೇಂದ್ರ ಸಂಸತ್ತಿಗೆ ತಿಳಿಸಿದೆ. ಸಂವಿಧಾನದ 348(2)ನೇ ವಿಧಿ ಕೇಳುವುದು ರಾಷ್ಟ್ರಪತಿಯ ಒಪ್ಪಿಗೆಯನ್ನು ಮಾತ್ರ. ಭಾರತದ ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆಯೂ ಇರಲಿ ಎಂಬುದು 1965ರ ಸಂಪುಟ ಸಮಿತಿಯ ತೀರ್ಮಾನ. ಬೇಡ ಎಂದವರು ಯಾರು, ಎಂದು, ಯಾವ ನಿಯಮದ ಮೇಲೆ ಎಂಬುದು ತಿಳಿದಿರುವುದರಿಂದಲೇ ಆ ತೀರ್ಮಾನ ಬದಲಾಗಲಿ ಎಂದು ಇವತ್ತೂ ವಾದ ಹೂಡಬಹುದು.

ನ್ಯಾಯಮೂರ್ತಿಗಳ ನೇಮಕದ ಪ್ರತಿ ಕಡತಕ್ಕೂ ಅಷ್ಟು ಮಾಹಿತಿ ಹೊರಬರಲಿ. ಶಿಫಾರಸು ಇಲಾಖೆಗೆ ತಲುಪಿದ ದಿನ, ಗುಪ್ತಚರ ವರದಿ ಬಂದ ದಿನ, ಪ್ರಧಾನಿ ಕಚೇರಿಗೆ ಹೊರಟ ದಿನ, ವಾಪಸ್ ಕಳಿಸಿದ್ದರೆ ಅದರ ದಿನ. ವರದಿಯೊಳಗೆ ಏನಿದೆ ಎಂದು ಯಾರೂ ಕೇಳುತ್ತಿಲ್ಲ. ಇದಕ್ಕೆ ಸಂವಿಧಾನ ತಿದ್ದುಪಡಿಯೂ ಬೇಡ, ಹೊಸ ಆಯೋಗವೂ ಬೇಡ. 2016ರಿಂದ ನೆನೆಗುದಿಗೆ ಬಿದ್ದಿರುವ ಆ ಕಾರ್ಯವಿಧಾನ ಪತ್ರಕ್ಕೆ ಒಂದು ಪರಿಚ್ಛೇದ ಸೇರಿಸಿದರೆ ಆಯಿತು. ಮೊದಲ ಸಾಲು ಬರೆಯಬೇಕಾದವರು ಜೈಸಲ್ಮೇರ್ ಹೌಸ್‌ನವರು.